ಶಿರಂಗಾಲದ ಗಡಿಯಲ್ಲಿ ಗಾಳಿಮಾತು

ಕೊಡಗು ಜಿಲ್ಲೆಯ ನಕ್ಷೆಯನ್ನು ಒಮ್ಮೆ ಬಿಡಿಸಿ ಅದರ ಈಶಾನ್ಯದ ಅಂಚನ್ನು ನೋಡಿ. ಕುಶಾಲನಗರದಿಂದ ಹೆಬ್ಬಾಲೆಯ ಮೇಲೆ ಹಾಸನದ ಕಡೆಗೆ ಸಾಗುವ ರಸ್ತೆಯಲ್ಲಿ ಕೊಡಗಿನ ಸೀಮೆ ಮುಗಿಯುವಲ್ಲಿ ಶಿರಂಗಾಲ ಎಂಬ ಊರಿದೆ. ಕೊಡಗು ಎಂದೊಡನೆ ಕಾಫಿ ತೋಟ, ಮಂಜು ಮುಸುಕಿದ ಬೆಟ್ಟ ಎಂದು ನೆನೆಯುವವರಿಗೆ ಈ ಊರು ಸ್ವಲ್ಪ ಅಚ್ಚರಿ ತಂದೀತು. ಇಲ್ಲಿ ನೆಲ ಬಯಲಾಗುತ್ತದೆ. ಭತ್ತ, ಮುಸುಕಿನ ಜೋಳ, ಶುಂಠಿ ಬೆಳೆಯುವ ಹೊಲಗದ್ದೆಗಳ ಪಕ್ಕದಲ್ಲಿ ಕಾವೇರಿ ಕೊಡಗನ್ನು ಬಿಟ್ಟು ಹೊರಡುತ್ತಾಳೆ. ಹೊಳೆಯ ಆಚೆಗೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು, ರಸ್ತೆ ಹಿಡಿದು ಮುಂದೆ ನಡೆದರೆ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕು. ಆಸ್ಪತ್ರೆ, ಸಂತೆ, ನೆಂಟಸ್ತಿಕೆ ಯಾವುದಕ್ಕೂ ಜಿಲ್ಲೆಯ ಗಡಿಯನ್ನು ಲೆಕ್ಕಿಸದೆ ಬದುಕುವುದು ಇಂಥ ಊರುಗಳ ರೂಢಿ.

2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಆ ಗಡಿ ಇದ್ದಕ್ಕಿದ್ದಂತೆ ನಿಜವಾದ ಗೆರೆಯಾಯಿತು. ಮಾರ್ಚ್ 22ರಂದು ರಾಜ್ಯ ಸರ್ಕಾರ ಮೊದಲು ನಿರ್ಬಂಧ ಹೇರಿದ ಒಂಬತ್ತು ಜಿಲ್ಲೆಗಳಲ್ಲಿ ಕೊಡಗೂ ಒಂದು. 24ರ ರಾತ್ರಿ ಪ್ರಧಾನಿಯವರ ಘೋಷಣೆಯೊಡನೆ ಇಡೀ ದೇಶವೇ 21 ದಿನಗಳ ಮಟ್ಟಿಗೆ ಬಾಗಿಲು ಹಾಕಿತು. ಇದೆಲ್ಲ ನಿಮಗೆ ಗೊತ್ತಿರುವುದೇ. ನಿಮ್ಮಲ್ಲಿ ಬಹುಮಂದಿ ಆಗ ಪ್ರಾಥಮಿಕ ಶಾಲೆಯಲ್ಲಿದ್ದಿರಿ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ರೋಗದ ಚರಿತ್ರೆಯನ್ನಲ್ಲ. ರೋಗ ಬರುವ ಮೊದಲೇ ಊರನ್ನು ಹೊಕ್ಕ ಮಾತುಗಳ ಚರಿತ್ರೆಯನ್ನು. ಚರಿತ್ರೆಯ ಪುಸ್ತಕಗಳಲ್ಲಿ ರಾಜರಿಗೆ, ಯುದ್ಧಗಳಿಗೆ, ಕಾಯಿದೆಗಳಿಗೆ ಜಾಗವಿದೆ. ಜಗಲಿಯ ಮೇಲೆ ಕೂತು ಜನ ಏನೇನು ನಂಬಿದರು, ಏಕೆ ನಂಬಿದರು ಎಂಬುದಕ್ಕೆ ಜಾಗ ಕಡಿಮೆ. ಆದರೂ ಕೆಲವೊಮ್ಮೆ ಕಾಯಿದೆಗಿಂತ ಈ ನಂಬಿಕೆಯೇ ಜನರ ನಡೆಯನ್ನು ಹೆಚ್ಚು ತಿದ್ದುತ್ತದೆ.

ಮೊದಲು ಘಟನೆಗಳ ಕ್ರಮವನ್ನು ನೋಡೋಣ. ಭಾರತದ ಮೊದಲ ಪ್ರಕರಣ 2020ರ ಜನವರಿ 30ರಂದು ಕೇರಳದ ತ್ರಿಶ್ಶೂರಿನಲ್ಲಿ ದಾಖಲಾಯಿತು. ಕರ್ನಾಟಕದ ಮೊದಲ ಪ್ರಕರಣ ಮಾರ್ಚ್ 9ರಂದು ಬೆಂಗಳೂರಿನಲ್ಲಿ. ಮರುದಿನ, ಮಾರ್ಚ್ 10ರಂದು, ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ದೇಶದಲ್ಲಿ ಈ ರೋಗಕ್ಕೆ ಬಲಿಯಾದ ಮೊದಲಿಗರು ಅವರೇ ಎಂಬುದು 12ರಂದು ಖಚಿತವಾಯಿತು. ಮಾರ್ಚ್ 19ರಂದು ಕೊಡಗಿನ ಮೊದಲ ಪ್ರಕರಣ. ದುಬೈಯಿಂದ ವಿಮಾನದಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ಸರ್ಕಾರಿ ಬಸ್ಸಿನಲ್ಲಿ ಜಿಲ್ಲೆಗೆ ಮರಳಿದ್ದ ಒಬ್ಬ ವ್ಯಕ್ತಿ. ಆತ ಮಡಿಕೇರಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಗುಣಮುಖನಾಗಿ ಮನೆಗೆ ಹೋದ ಮೇಲೂ ಹಲವು ವಾರ ಜಿಲ್ಲೆಯಲ್ಲಿ ಹೊಸ ಪ್ರಕರಣ ಕಾಣಲಿಲ್ಲ.

ಈಗ ಒಂದು ಸಂಗತಿಯನ್ನು ಗಮನಿಸಿ. ಇಡೀ ಜಿಲ್ಲೆಗೆ ಒಬ್ಬ ರೋಗಿ. ಆ ಮೇಲೆ ಒಬ್ಬನೂ ಇಲ್ಲ. ಹಾಗಾದರೆ ಭಯ ಕಡಿಮೆಯಾಗಬೇಕಿತ್ತಲ್ಲವೆ? ಆಗಲಿಲ್ಲ. ಗಾಳಿಮಾತುಗಳು ಹುಲುಸಾಗಿ ಬೆಳೆದದ್ದು ಆ ವಾರಗಳಲ್ಲಿಯೇ. ಜನತಾ ಕರ್ಫ್ಯೂ ಹದಿನಾಲ್ಕು ಗಂಟೆಯದು, ವೈರಾಣು ಬದುಕುವುದು ಹನ್ನೆರಡೇ ಗಂಟೆ, ಆದ್ದರಿಂದ ಒಂದು ದಿನ ಮನೆಯಲ್ಲಿ ಕೂತರೆ ರೋಗದ ಸರಪಳಿ ತುಂಡಾಗುತ್ತದೆ ಎಂಬ ಲೆಕ್ಕ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಚಪ್ಪಾಳೆ, ಜಾಗಟೆಗಳ ಕಂಪನಕ್ಕೆ ವೈರಾಣು ಸಾಯುತ್ತದೆ ಎಂದರು. ರಾತ್ರಿ ಹೆಲಿಕಾಪ್ಟರಿನಿಂದ ಔಷಧಿ ಸಿಂಪಡಿಸುತ್ತಾರೆ, ಯಾರೂ ಅಂಗಳಕ್ಕೆ ಇಳಿಯಬೇಡಿ, ಒಣಹಾಕಿದ ಬಟ್ಟೆ ಒಳಗೆ ತನ್ನಿ ಎಂದರು. ಎಲ್ಲೋ ಹುಟ್ಟಿದ ಕೂಸು ಹುಟ್ಟಿದೊಡನೆ ಮಾತನಾಡಿ, ಹಾಲು ಹಾಕದ ಚಹಾ ಕುಡಿದರೆ ರೋಗ ಬರದೆಂದು ಹೇಳಿತಂತೆ ಎಂದರು. ಬೆಳ್ಳುಳ್ಳಿ, ಬಿಸಿನೀರು, ಬಿಸಿಲು, ಕೊನೆಗೆ ಹೆಂಡ, ಎಲ್ಲಕ್ಕೂ ಒಂದೊಂದು ವಾರದ ಕೀರ್ತಿ ಬಂತು. ಈ ಕೊನೆಯದನ್ನು ನಗೆಯಾಗಿ ಬಿಡುವಂತಿಲ್ಲ. ಇರಾನ್ ದೇಶದಲ್ಲಿ ಆ ವಸಂತದಲ್ಲಿ ಇದೇ ನಂಬಿಕೆಯಿಂದ ವಿಷಪೂರಿತ ಮೆಥನಾಲ್ ಬೆರೆತ ಮದ್ಯ ಕುಡಿದು ನೂರಾರು ಜನ ಪ್ರಾಣ ಕಳೆದುಕೊಂಡರು.

ಇವನ್ನೆಲ್ಲ ಕೇಳಿದಾಗ 'ಓದುಬರಹ ಇಲ್ಲದವರ ಮೂಢನಂಬಿಕೆ' ಎಂದು ತಳ್ಳಿಹಾಕುವುದು ಸುಲಭ. ನಾನು ವಿಜ್ಞಾನ ಓದಿ ಟೆಲಿವಿಷನ್ನಿಗೆ ಬಂದವನು. ಹಾಗೆ ತಳ್ಳಿಹಾಕುವ ಚಟ ನಮ್ಮಂಥವರಿಗೆ ಸ್ವಲ್ಪ ಹೆಚ್ಚೇ. ಆದರೆ ಹನ್ನೆರಡು ಗಂಟೆಯ ಲೆಕ್ಕವನ್ನು ಹಂಚಿದವರು ಓದಿದವರೇ. ಚಪ್ಪಾಳೆಯ ಕಂಪನದ ಮಾತಿನಲ್ಲಿ ಭೌತಶಾಸ್ತ್ರದ ವೇಷವಿತ್ತು. ಆದ್ದರಿಂದ ಬೇರೆ ಕಾರಣವನ್ನೇ ಹುಡುಕಬೇಕು. ಆ ಕಾರಣವನ್ನು ಸೊಗಸಾಗಿ ತೋರಿಸಿಕೊಟ್ಟವನು ಒಬ್ಬ ಭಾರತೀಯ ವಿದ್ವಾಂಸನೇ ಎಂಬುದು ನಿಮ್ಮ ಪಠ್ಯದಲ್ಲಿ ಬಂದಿರಲಾರದು.

1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳದಲ್ಲಿ ಭಾರಿ ಭೂಕಂಪವಾಯಿತು. ಜಮುನಾ ಪ್ರಸಾದ್ ಎಂಬ ಮನಶ್ಶಾಸ್ತ್ರಜ್ಞರು ಆಗ ಜನರ ಬಾಯಲ್ಲಿ ಓಡಾಡುತ್ತಿದ್ದ ಗಾಳಿಮಾತುಗಳನ್ನು ಕೂಡಿಸಿ ಬರೆದಿಟ್ಟು, 1935ರಲ್ಲಿ ಅದರ ಮೇಲೆ ಲೇಖನ ಪ್ರಕಟಿಸಿದರು. ಅವರು ಕೂಡಿಸಿದ್ದು ಕಂಪನ ಅನುಭವಕ್ಕೆ ಬಂದರೂ ಹೆಚ್ಚಿನ ಹಾನಿ ಆಗದಿದ್ದ ಪ್ರದೇಶದ ಮಾತುಗಳನ್ನು. ಮನೆ ಬಿದ್ದಿಲ್ಲ, ಸಾವು ಕಂಡಿಲ್ಲ. ಆದರೂ ಮುಂಬರುವ ಗ್ರಹಣದ ದಿನ ಮತ್ತೊಂದು ಭೂಕಂಪ, ಆಮೇಲೆ ಬಿರುಗಾಳಿ, ಪ್ರಳಯ ಎಂಬ ಭವಿಷ್ಯವಾಣಿಗಳು ಅಲ್ಲಿ ತುಂಬಿದ್ದವು. ಮುಂದೆ ದುರ್ಗಾನಂದ ಸಿನ್ಹಾ ಎಂಬ ಇನ್ನೊಬ್ಬ ಭಾರತೀಯ ಮನಶ್ಶಾಸ್ತ್ರಜ್ಞರು ಡಾರ್ಜಿಲಿಂಗಿನಲ್ಲಿ ಭೂಕುಸಿತದ ಅನಾಹುತ ಕಣ್ಣಾರೆ ಕಂಡ ಜನರ ನಡುವೆ ಇಂಥದೇ ಅಧ್ಯಯನ ಮಾಡಿ 1952ರಲ್ಲಿ ಪ್ರಕಟಿಸಿದರು. ಅಲ್ಲಿ ಮುಂದಿನ ಪ್ರಳಯದ ಮಾತು ಅಷ್ಟಾಗಿ ಕೇಳಿಬರಲಿಲ್ಲ. ಅಮೆರಿಕದ ಲಿಯಾನ್ ಫೆಸ್ಟಿಂಗರ್ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹಾನಿ ಕಂಡವನಿಗೆ ತನ್ನ ಭಯಕ್ಕೆ ಕಾರಣ ಕಣ್ಣೆದುರಿಗೇ ಇದೆ. ಹಾನಿ ಕಾಣದವನಿಗೆ ಎದೆ ಹೊಡೆದುಕೊಳ್ಳುತ್ತಿದೆ, ಕಾರಣ ಮಾತ್ರ ಕಾಣುತ್ತಿಲ್ಲ. ಆ ಭಯಕ್ಕೆ ತಕ್ಕ ಕಾರಣವನ್ನು ಅವನ ಮನಸ್ಸು ಹುಡುಕಿ ತರುತ್ತದೆ. ಅಂದರೆ ಗಾಳಿಮಾತು ಭಯವನ್ನು ಹುಟ್ಟಿಸುತ್ತದೆ ಎಂದು ನಾವು ತಿಳಿದಿದ್ದೇವೆ. ಎಷ್ಟೋ ಬಾರಿ ಭಯವೇ ಗಾಳಿಮಾತನ್ನು ಹುಟ್ಟಿಸುತ್ತದೆ. 1957ರಲ್ಲಿ ಫೆಸ್ಟಿಂಗರ್ ಮಂಡಿಸಿದ ಪ್ರಸಿದ್ಧ ಸಿದ್ಧಾಂತದ ಬೇರು ಹೀಗೆ ಬಿಹಾರದ ನೆಲದಲ್ಲಿದೆ.

ಇದನ್ನು ಈಗ ಕೊಡಗಿಗೆ ಹೊಂದಿಸಿ ನೋಡಿ. 2018ರ ಆಗಸ್ಟಿನಲ್ಲಿ ಬೆಟ್ಟಗಳು ಜರಿದಾಗ, 2019ರಲ್ಲಿ ಮತ್ತೆ ಮಳೆ ಅನಾಹುತ ತಂದಾಗ, ಕೊಡಗಿನವರು ಕಂಡದ್ದು ಕಣ್ಣಿಗೆ ಬೀಳುವ ವಿಪತ್ತು: ಮಣ್ಣು, ನೀರು, ಕೊಚ್ಚಿಹೋದ ಮನೆ. 2020ರಲ್ಲಿ ಬಂದದ್ದು ಕಣ್ಣಿಗೆ ಕಾಣದ್ದು. ಅಂಗಡಿ ಮುಚ್ಚಿದೆ, ಬಸ್ಸಿಲ್ಲ, ಗಡಿಯಲ್ಲಿ ಪೊಲೀಸರು ನಿಂತಿದ್ದಾರೆ, ಟಿವಿಯಲ್ಲಿ ಇಟಲಿಯ ಶವಪೆಟ್ಟಿಗೆಗಳ ಸಾಲು. ಆದರೆ ಊರಿನಲ್ಲಿ ಕೆಮ್ಮುವವರೇ ಇಲ್ಲ. ಇಷ್ಟು ದೊಡ್ಡ ಏರ್ಪಾಟಿಗೆ ತಕ್ಕ ಕಾರಣ ಎಲ್ಲಿ? ಅದನ್ನು ಮೊಬೈಲು ಒದಗಿಸಿತು.

ಟಿವಿಯ ಮಾತು ಬಂದಿತು. ನಮ್ಮ ಕಸುಬಿನ ಬಗೆಗೇ ಒಂದು ಮಾತು ಹೇಳಿಬಿಡುತ್ತೇನೆ. ಆ ದಿನಗಳಲ್ಲಿ ಪರದೆಯ ಮೂಲೆಯಲ್ಲಿ ಸದಾ ತಿರುಗುತ್ತಿದ್ದ ಕೆಂಪು ಮುಳ್ಳಿನ ಚೆಂಡು ನಿಮಗೆ ನೆನಪಿದೆಯೆ? ಅದರ ಪ್ರಸಿದ್ಧ ಚಿತ್ರವನ್ನು ರಚಿಸಿದವರು ಅಮೆರಿಕದ ರೋಗನಿಯಂತ್ರಣ ಕೇಂದ್ರದ ಇಬ್ಬರು ಕಲಾವಿದರು. ನಿಜವಾದ ವೈರಾಣುವಿಗೆ ಕೆಂಪು ಬಣ್ಣವಿಲ್ಲ, ಯಾವ ಬಣ್ಣವೂ ಇಲ್ಲ. ಅದರ ಅಡ್ಡಳತೆ ಸುಮಾರು 100 ನ್ಯಾನೊಮೀಟರ್; ನಮ್ಮ ಕಣ್ಣು ಗ್ರಹಿಸುವ ಬೆಳಕಿನ ಅಲೆಯುದ್ದ 400ರಿಂದ 700 ನ್ಯಾನೊಮೀಟರ್. ಬೆಳಕಿನ ಅಲೆಗಿಂತ ಚಿಕ್ಕದಕ್ಕೆ ಬಣ್ಣ ಎಲ್ಲಿಂದ ಬರಬೇಕು! ಕಾಣದ್ದಕ್ಕೆ ಚಿತ್ರ ಕೊಡುವುದು ತಪ್ಪಲ್ಲ. ಆದರೆ ಅದಕ್ಕೆ ನಡುಕ ಹುಟ್ಟಿಸುವ ಸಂಗೀತ ಸೇರಿಸಿ ದಿನಕ್ಕೆ ಇಪ್ಪತ್ನಾಲ್ಕು ಗಂಟೆ ತಿರುಗಿಸುವುದು ಸುದ್ದಿಯೂ ಅಲ್ಲ, ವಿಜ್ಞಾನವೂ ಅಲ್ಲ.

ಗಾಳಿಮಾತಿಗೆ ಒಂದು ಸೂತ್ರವೂ ಉಂಟು. 1947ರಲ್ಲಿ ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಹೇಳಿದ್ದು: ಗಾಳಿಮಾತಿನ ಬಲ ಎಂದರೆ ವಿಷಯದ ಮಹತ್ವವನ್ನು ಅದರ ಅಸ್ಪಷ್ಟತೆಯಿಂದ ಗುಣಿಸಿದಷ್ಟು. ಕೂಡಿಸಿದಷ್ಟಲ್ಲ, ಗುಣಿಸಿದಷ್ಟು. ಎರಡರಲ್ಲಿ ಒಂದು ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ. ಇದು ಪ್ರಯೋಗಶಾಲೆಯ ನಿಯಮದಷ್ಟು ಕರಾರುವಾಕ್ಕಾದುದಲ್ಲ, ಆದರೆ ಯೋಚನೆಗೆ ಒಳ್ಳೆಯ ಊರುಗೋಲು. ಕೋಳಿಯ ಪ್ರಕರಣದಲ್ಲಿ ಇದನ್ನು ಪರೀಕ್ಷಿಸೋಣ.

2020ರ ಫೆಬ್ರುವರಿ, ಮಾರ್ಚಿನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಮಾತು ಹಬ್ಬಿ ಕರ್ನಾಟಕದಲ್ಲಿ ಕೋಳಿಯ ಬೆಲೆ ನೆಲ ಕಚ್ಚಿತು. ಸಾಕುವ ಖರ್ಚೂ ಹುಟ್ಟದೆ ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ರೈತರೊಬ್ಬರು ಸುಮಾರು 6,000 ಕೋಳಿಗಳನ್ನು ಗುಂಡಿ ತೋಡಿ ಜೀವಂತ ಹೂಳಿದ ದೃಶ್ಯವನ್ನು ನಾಡು ನೋಡಿತು. ಮಾಂಸದಿಂದ ಈ ರೋಗ ಬರುವುದಿಲ್ಲವೆಂದು ಸರ್ಕಾರ ಹೇಳುತ್ತಲೇ ಇತ್ತು. ಆದರೆ ಮಾರ್ಚಿನ ಮಧ್ಯದಲ್ಲಿ ಮೈಸೂರಿನಲ್ಲಿಯೂ ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನಲ್ಲಿಯೂ ಹಕ್ಕಿಜ್ವರ ಖಚಿತವಾಗಿ, ಸರ್ಕಾರಿ ಸಿಬ್ಬಂದಿಯೇ ಮೈತುಂಬ ರಕ್ಷಾಕವಚ ತೊಟ್ಟು ಕೋಳಿಗಳನ್ನು ಕೊಂದು ಹೂಳಬೇಕಾಯಿತು. ಎರಡೂ ಬೇರೆ ಬೇರೆ ವೈರಾಣು. ಆದರೆ ಬಿಳಿ ಕವಚ ತೊಟ್ಟ ಮನುಷ್ಯ ಕೋಳಿಯನ್ನು ಗುಂಡಿಗೆ ಹಾಕುವ ಚಿತ್ರ ಒಂದೇ. ಅದನ್ನು ಕಂಡ ಗೃಹಿಣಿಯೊಬ್ಬಳು 'ಈ ವಾರ ಕೋಳಿ ಬೇಡ' ಎಂದರೆ ಅವಳನ್ನು ಮೂಢಳೆನ್ನುವಿರಾ? ವಿಷಯ ಮಹತ್ವದ್ದು, ಮಾಹಿತಿ ಅಸ್ಪಷ್ಟ. ಗುಣಲಬ್ಧ ದೊಡ್ಡದಾಯಿತು, ಅಷ್ಟೆ. ನಷ್ಟ ಹೊತ್ತವನು ಮಾತ್ರ ಕೋಳಿ ಸಾಕಿದವನು.

ಅಸ್ಪಷ್ಟತೆಗೆ ತಜ್ಞರ ಪಾಲೂ ಇತ್ತೆಂಬುದನ್ನು ಮರೆಮಾಚುವಂತಿಲ್ಲ. ಆರೋಗ್ಯವಂತರಿಗೆ ಮುಖಗವಸು ಬೇಕಿಲ್ಲ ಎಂದು ಮೊದಲು ಹೇಳಲಾಯಿತು. ಏಪ್ರಿಲ್ ಮೊದಲ ವಾರ ಭಾರತ ಸರ್ಕಾರ ಮನೆಯಲ್ಲೇ ಹೊಲಿದ ಗವಸು ಧರಿಸಿರೆಂದಿತು. ಜೂನ್ 5ರಂದು ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ಸಲಹೆಯನ್ನು ಬದಲಿಸಿತು. ಪ್ಲಾಸ್ಟಿಕ್ಕಿನ ಮೇಲೆ ವೈರಾಣು ಮೂರು ದಿನದವರೆಗೆ ಇರಬಲ್ಲದೆಂಬ ಪ್ರಯೋಗದ ವರದಿ ಮಾರ್ಚಿನಲ್ಲಿ ಬಂದದ್ದೇ ತಡ, ಹಾಲಿನ ಪೊಟ್ಟಣ, ತರಕಾರಿ, ನೋಟು ಎಲ್ಲಕ್ಕೂ ಸೋಪಿನ ಸ್ನಾನ. ಎಷ್ಟೋ ಮನೆಗಳಲ್ಲಿ ದಿನಪತ್ರಿಕೆಯೇ ನಿಂತಿತು. ರೋಗ ಹೆಚ್ಚಾಗಿ ಹರಡುವುದು ಉಸಿರಿನ ಗಾಳಿಯಿಂದ, ಮುಟ್ಟಿದ ವಸ್ತುವಿನಿಂದ ಬರುವುದು ಬಹಳ ಅಪರೂಪ ಎಂಬುದು ಆಮೇಲೆ ಸ್ಪಷ್ಟವಾಯಿತು. ಮಲೇರಿಯಾ ಚಿಕಿತ್ಸೆಯಲ್ಲಿ ಬಳಸುವ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಯನ್ನು ಮಾರ್ಚ್ 22ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆರೋಗ್ಯ ಸಿಬ್ಬಂದಿಗೆ ಮುನ್ನೆಚ್ಚರಿಕೆಯಾಗಿ ಸೂಚಿಸಿದೊಡನೆ ಅದಕ್ಕಾಗಿ ಔಷಧಿ ಅಂಗಡಿಗಳಲ್ಲಿ ನೂಕುನುಗ್ಗಲು. ಆಸ್ಪತ್ರೆ ಸೇರಿದ ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲವೆಂದು ಜೂನಿನಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗ ತೋರಿಸಿತು. ವಿಜ್ಞಾನ ಹೀಗೆಯೇ ನಡೆಯುತ್ತದೆ, ಹೊಸ ಸಾಕ್ಷ್ಯ ಬಂದಾಗ ಹಳೆಯ ಮಾತನ್ನು ಬಿಡುತ್ತದೆ. ಆದರೆ ಜಗಲಿಯಲ್ಲಿ ಕೂತವನ ಕಿವಿಗೆ ಅದು 'ಇವರಿಗೂ ಗೊತ್ತಿಲ್ಲ' ಎಂದೇ ಕೇಳಿಸುತ್ತದೆ.

ಚರಿತ್ರೆಯ ವಿದ್ಯಾರ್ಥಿಗಳಾದ ನೀವು ಇಲ್ಲಿ ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕು. 2020ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಹೊರಡಿಸಿದ ಕೋವಿಡ್ ನಿಯಮಗಳಲ್ಲಿ ಸುಳ್ಳುಸುದ್ದಿ ಹಬ್ಬಿಸುವುದಕ್ಕೂ ತಡೆಯಿತ್ತು. ಆ ನಿಯಮಗಳಿಗೆ ಆಧಾರ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ. ಅದು ಹುಟ್ಟಿದ್ದು ಮುಂಬಯಿಯ ಪ್ಲೇಗಿನ ಕಾಲದಲ್ಲಿ. ಆಗಲೂ ಮಾತುಗಳು ಹಬ್ಬಿದ್ದವು: ಆಸ್ಪತ್ರೆಗೆ ಒಯ್ದವರನ್ನು ಕೊಲ್ಲುತ್ತಾರೆ, ಚುಚ್ಚುಮದ್ದಿನಲ್ಲಿ ವಿಷವಿದೆ. 1896ರ ಅಕ್ಟೋಬರಿನಲ್ಲಿ ಗಿರಣಿ ಕಾರ್ಮಿಕರು ಮುಂಬಯಿಯ ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆಯೇ ನುಗ್ಗಿದರು. 1898ರ ಆಗಸ್ಟಿನಲ್ಲಿ ಪ್ಲೇಗು ರೈಲು ಹತ್ತಿ ಬೆಂಗಳೂರಿಗೆ ಬಂತು. ಅದೇ ವರ್ಷ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗು ನಿಯಂತ್ರಣದ ಕ್ರಮಗಳ ವಿರುದ್ಧ ಜನ ದಂಗೆಯೆದ್ದರು. ಶಿರಂಗಾಲವನ್ನು ದಾಟಿ ಹೋಗುವ ಕಾವೇರಿಯೇ ಗಂಜಾಂನ ದಡವನ್ನೂ ಮುಟ್ಟುವುದು. ಮನೆಯೊಳಗೆ ನುಗ್ಗಿ ತಪಾಸಣೆ ಮಾಡುವ, ರೋಗಿಯನ್ನು ಎಳೆದೊಯ್ಯುವ, ಸಾಮಾನುಗಳನ್ನು ಸುಡುವ ಆಡಳಿತವನ್ನು ಕಂಡ ಜನ ಅದರ ಆಸ್ಪತ್ರೆಯನ್ನು ನಂಬದಿದ್ದುದರಲ್ಲಿ ಆಶ್ಚರ್ಯವೇನು? ಪ್ಲೇಗು ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿರುತ್ತಿದ್ದ ರೂಢಿಯನ್ನು ನಿಮ್ಮ ಅಜ್ಜ ಅಜ್ಜಿಯರು ತಮ್ಮ ಹಿರಿಯರಿಂದ ಕೇಳಿರಬಹುದು. ಅದೂ ಜಗಲಿಯ ಜ್ಞಾನವೇ, ಮತ್ತು ಅದು ಸರಿಯಾಗಿಯೇ ಇತ್ತು. ಇಲಿ ಸತ್ತ ಮನೆಯಿಂದ ದೂರ ಹೋದವನು ಚಿಗಟದಿಂದಲೂ ದೂರವಾದ. ಜನರ ಬಾಯಿಮಾತೆಲ್ಲ ಸುಳ್ಳು, ಸರ್ಕಾರದ ಮಾತೆಲ್ಲ ನಿಜ ಎಂದು ಎರಡು ಕಪಾಟು ಮಾಡಿಟ್ಟರೆ ಚರಿತ್ರೆ ಅರ್ಥವಾಗುವುದಿಲ್ಲ.

ಇನ್ನು ಮಾತು ಮನುಷ್ಯರ ಮೇಲೆ ತಿರುಗಿದ ಕಥೆ. 2020ರ ಮಾರ್ಚ್ ಕೊನೆಯಲ್ಲಿ ರಾಜ್ಯ ಸರ್ಕಾರ ಗೃಹಬಂಧನದಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ಜಿಲ್ಲಾವಾರು ಪ್ರಕಟಿಸಿತು. ಕೈಯ ಮೇಲೆ ಅಳಿಸಲಾಗದ ಶಾಯಿಯ ಮುದ್ರೆಯನ್ನೂ ಒತ್ತಿಸಿತು. ಉದ್ದೇಶ ಎಚ್ಚರಿಕೆಯದೇ. ಫಲ ಮಾತ್ರ ಬೇರೆ. ಪಟ್ಟಿ ಕೈಗೆ ಸಿಕ್ಕ ನೆರೆಹೊರೆಗೆ, ರೋಗವೇ ಇಲ್ಲದ ಪ್ರಯಾಣಿಕನೂ ರೋಗಿಯಾಗಿ ಕಂಡ. ದೆಹಲಿಯ ನಿಜಾಮುದ್ದೀನಿನ ಧಾರ್ಮಿಕ ಸಭೆಗೆ ಹೋಗಿಬಂದವರಲ್ಲಿ ಸೋಂಕು ಕಂಡ ಮೇಲಂತೂ ಹಳೆಯ ವಿಡಿಯೊಗಳಿಗೆ ಹೊಸ ತಲೆಬರಹ ಹಚ್ಚಿ, ಹಣ್ಣು ಮಾರುವ ಮುಸ್ಲಿಮರು ಬೇಕೆಂದೇ ಎಂಜಲು ಹಚ್ಚುತ್ತಾರೆಂದು ಹಂಚಲಾಯಿತು. ದೇಶದ ಹಲವೆಡೆ ತಳ್ಳುಗಾಡಿಯವರನ್ನು ಬೀದಿಯಿಂದ ಓಡಿಸಿದರು. ಕೆಲವರ ಹೆಸರು ಹೇಳಿ ಇಡೀ ಸಮುದಾಯವನ್ನು ದೂರಿದರೆ ಕಠಿಣ ಕ್ರಮ ಕೈಗೊಳ್ಳುವುದಾಗಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಏಪ್ರಿಲ್ 6ರಂದು ಎಚ್ಚರಿಕೆ ಕೊಡಬೇಕಾಯಿತು. ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಮನೆ ಮನೆ ಸುತ್ತುತ್ತಿದ್ದ ಕಾಲ ಅದು. ಸಮೀಕ್ಷೆಯ ಪುಸ್ತಕ ಹಿಡಿದ ಅವರನ್ನೂ ಕೆಲವೆಡೆ ಸಂಶಯದಿಂದ ಕಂಡರು, ಹಲ್ಲೆಯೂ ನಡೆಯಿತು.

ಮಾತು ಪ್ರಾಣ ತೆಗೆಯಬಲ್ಲುದು ಎಂಬುದು ಕರ್ನಾಟಕಕ್ಕೆ ಆಗ ಹೊಸ ಪಾಠವೇನಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಪ್ ಸಂದೇಶವನ್ನು ನಂಬಿದ ಗುಂಪು ಕಾರಿನಲ್ಲಿ ಬಂದಿದ್ದ ಹೈದರಾಬಾದಿನ ಯುವ ಎಂಜಿನಿಯರನೊಬ್ಬನನ್ನು ಹೊಡೆದು ಕೊಂದಿತ್ತು. ಅದೇ ತಿಂಗಳು ಆ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂಬ ಮಿತಿ ತಂದಿತು. 2020ರ ಏಪ್ರಿಲ್ 7ರಂದು, ಬಹಳ ಬಾರಿ ಕೈಬದಲಾದ ಸಂದೇಶಗಳಿಗೆ ಆ ಮಿತಿ ಒಂದಕ್ಕೇ ಇಳಿಯಿತು. ಅಂಥವುಗಳ ಓಡಾಟ ಶೇಕಡ 70ರಷ್ಟು ಕುಗ್ಗಿತೆಂದು ಸಂಸ್ಥೆ ಅದೇ ತಿಂಗಳು ಹೇಳಿಕೊಂಡಿತು. ರೋಗದಂತೆ ಮಾತಿಗೂ ಒಬ್ಬನಿಂದ ಎಷ್ಟು ಮಂದಿಗೆ ಎಂಬ ಲೆಕ್ಕ ಮುಖ್ಯ, ನೋಡಿ.

ಗಡಿಯೂ ಒಂದು ಬಗೆಯ ಗಾಳಿಮಾತಾಗಬಲ್ಲುದು. 'ರೋಗ ಆಚೆಯದು' ಎಂಬ ಭರವಸೆಗೆ ಮಣ್ಣಿನ ರೂಪ ಕೊಟ್ಟಂತೆ, ಕೊಡಗಿನಿಂದ ಕಣ್ಣೂರಿಗೆ ಇಳಿಯುವ ಮಾಕುಟ್ಟ ರಸ್ತೆಗೆ ಮಣ್ಣು ಸುರಿದು ಮುಚ್ಚಲಾಯಿತು. ತಲಪಾಡಿಯಲ್ಲಿ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನವರ ದಾರಿ ಕಟ್ಟಿತು. ಅವರಲ್ಲಿ ಎಷ್ಟೋ ಮನೆಗಳು ಕನ್ನಡದವೇ. ಚಿಕಿತ್ಸೆ ದೊರೆಯದೆ ಸಾವುಗಳಾದವೆಂಬ ದೂರು ಕೇರಳ ಹೈಕೋರ್ಟಿಗೆ ಹೋಯಿತು, ರೋಗಿಗಳಿಗೆ ದಾರಿ ಬಿಡಬೇಕೆಂದು ಅದು ಏಪ್ರಿಲ್ 1ರಂದು ಆದೇಶಿಸಿತು. ಶಿರಂಗಾಲದ ಗಡಿ ಒಂದೇ ರಾಜ್ಯದ ಒಳಗಿನದು, ಅಷ್ಟು ಕಠೋರವಲ್ಲ. ಆದರೂ ಆಚೆಯ ಊರಿಗೆ ಮಗಳನ್ನು ಕೊಟ್ಟ ತಾಯಿಗೆ, ಶುಂಠಿ ಹೊರಗೆ ಸಾಗಿಸಬೇಕಾದ ರೈತನಿಗೆ ಅದು ಗಡಿಯೇ.

ಹೊಗಳಿಕೆಯ ಗಾಳಿಮಾತೂ ಇರುತ್ತದೆ. 2020ರ ಮಧ್ಯಭಾಗದಲ್ಲಿ ಕೊಡಗಿನ ಜಿಲ್ಲಾಧಿಕಾರಿಯಾಗಿದ್ದ ಅನೀಸ್ ಕಣ್ಮಣಿ ಜಾಯ್ ಅವರ ಚಿತ್ರದೊಡನೆ, ದಾದಿಯ ಶಿಕ್ಷಣ ಪಡೆದು ಐಎಎಸ್ ಆದ ಇವರು ಕೊಡಗನ್ನು ಕೊರೊನಾಮುಕ್ತಗೊಳಿಸಿದರು ಎಂಬ ಸಂದೇಶ ದೇಶವನ್ನೇ ಸುತ್ತಿತು. ಅವರು ನರ್ಸಿಂಗ್ ಪದವೀಧರೆ ಎಂಬುದು ನಿಜ. ಆಡಳಿತ ಶ್ರಮಿಸಿದ್ದೂ ನಿಜ. ಆದರೆ ಸಂದೇಶ ಸುತ್ತುವ ಹೊತ್ತಿಗೆ ಜಿಲ್ಲೆಯಲ್ಲಿ ಪ್ರಕರಣಗಳು ಮತ್ತೆ ಕಾಣಿಸಿಕೊಂಡಿದ್ದವು. ಇಂಥ ಮಾತನ್ನು ಯಾರೂ ಪರೀಕ್ಷಿಸುವುದಿಲ್ಲ, ಏಕೆಂದರೆ ಅದು ಕೇಳಲು ಹಿತವಾಗಿರುತ್ತದೆ.

ನಿಮ್ಮ ಅಕ್ಕ ಅಣ್ಣಂದಿರ ಚಿಂತೆ ಬೇರೆಯೇ ಇತ್ತು. ಮಾರ್ಚ್ 27ಕ್ಕೆ ಆರಂಭವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದೆ ಹೋಯಿತು. ಎಲ್ಲರನ್ನೂ ಪಾಸು ಮಾಡುತ್ತಾರೆ, ಮಾಡುವುದಿಲ್ಲ ಎಂಬ ಸುದ್ದಿಗಳ ನಡುವೆ ಸುಮಾರು 8.5 ಲಕ್ಷ ಮಕ್ಕಳು ಮೂರು ತಿಂಗಳು ಕಾದರು. ಏಪ್ರಿಲ್ ಕೊನೆಯಿಂದ ದೂರದರ್ಶನ ಚಂದನದಲ್ಲಿ ಅವರಿಗಾಗಿ ಪುನರ್ಮನನ ಪಾಠಗಳು ಪ್ರಸಾರವಾದವು. ಜೂನ್ 25ರಂದು ಪರೀಕ್ಷೆ ಆರಂಭವಾಯಿತು. ದಿನಾಂಕ ಒಂದು ಖಚಿತವಾದೊಡನೆ ಆ ಗಾಳಿಮಾತುಗಳೆಲ್ಲ ಇಲ್ಲವಾದದ್ದನ್ನು ಸೂತ್ರಕ್ಕೆ ಹಚ್ಚಿ ನೋಡಿ. ಮಹತ್ವ ಹಾಗೆಯೇ ಉಳಿದಿತ್ತು, ಸೊನ್ನೆಯಾದದ್ದು ಅಸ್ಪಷ್ಟತೆ.

ಕೊನೆಗೆ ನಿಮಗೊಂದು ಕೆಲಸ. ಜಮುನಾ ಪ್ರಸಾದರು ಬಿಹಾರದ ಮಾತುಗಳನ್ನು ಆಗಲೇ ಬರೆದಿಡದಿದ್ದರೆ ನಮಗೆ ಈ ವಿಷಯ ತಿಳಿಯುತ್ತಿರಲಿಲ್ಲ. 2020ರ ಸಂದೇಶಗಳು ಹಳೆಯ ಮೊಬೈಲುಗಳೊಡನೆ ಅಳಿದುಹೋಗುತ್ತಿವೆ. ಸರ್ಕಾರಿ ದಫ್ತರಗಳಲ್ಲಿ ಆದೇಶಗಳು ಉಳಿಯುತ್ತವೆ, ಅವನ್ನು ಕೇಳಿ ಜನ ಏನೆಂದರು ಎಂಬುದು ಉಳಿಯುವುದಿಲ್ಲ. ಒಂದು ನೋಟ್‌ಪುಸ್ತಕ ತೆಗೆದುಕೊಂಡು ನಿಮ್ಮ ಬೀದಿಯ ಹಿರಿಯರನ್ನು, ಅಂಗಡಿಯವರನ್ನು, ಆಶಾ ಕಾರ್ಯಕರ್ತೆಯನ್ನು ಕೇಳಿ ಬರೆದುಕೊಳ್ಳಿ. ಏನು ಕೇಳಿದಿರಿ, ಯಾರಿಂದ ಕೇಳಿದಿರಿ, ನಂಬಿದಿರಾ, ನಂಬಿ ಏನು ಮಾಡಿದಿರಿ ಎಂಬ ನಾಲ್ಕು ಪ್ರಶ್ನೆ ಸಾಕು. ಹೇಳಿದವರ ಹೆಸರು ಬೇಡವೆಂದರೆ ಬರೆಯಬೇಡಿ. ಊರು ಮತ್ತು ತಿಂಗಳು ಇರಲಿ. 'ಗಾಳಿಮಾತು ನಂಬಿದ್ದಿರಾ?' ಎಂದು ನೇರವಾಗಿ ಕೇಳಿದರೆ ಯಾರೂ ಒಪ್ಪುವುದಿಲ್ಲ. ಮನೆಗೆ ಕೋಳಿ ತರುವುದನ್ನು ಯಾವಾಗ ನಿಲ್ಲಿಸಿದಿರಿ, ಮತ್ತೆ ಯಾವಾಗ ತಂದಿರಿ ಎಂದು ಕೇಳಿ ನೋಡಿ. ಮಾತು ತಾನಾಗಿ ಬರುತ್ತದೆ.